ಕೊಳವೆಯೊಳಗಿನ ಹಳದಿ

ಕಲ್ಲು ಗಾಜಿನ ಪೆಟ್ಟಿಗೆಯಲ್ಲೇ ಇತ್ತು. ಆದರೂ ಕಳ್ಳತನದ ದೂರು ಬಂದಿತ್ತು. ದೂರು ಕೊಟ್ಟವನು ಸೊಹಾರ್ ಬೆಟ್ಟದ ಬುಡದ ಶಿಲಾ ಸಂಗ್ರಹಾಲಯದ ಕಾವಲುಗಾರ, ಮುದುಕ ಸುವೈಲಿಂ.

“ಇದು ನಮ್ಮ ಕಲ್ಲಲ್ಲ” ಎಂದಷ್ಟೇ ಹೇಳಿ ಕೂತಿದ್ದ.

ಹೊಸ ನಿರ್ದೇಶಕ ಥುವೈನಿ ನಕ್ಕ. “ಬೀಗ ಮುರಿದಿಲ್ಲ ಮೇಡಂ. ಕೀಲಿ ಇರೋದು ಎರಡೇ. ನಂದೊಂದು, ಇವನದೊಂದು. ಬದಲಾಗಿದ್ರೆ ಇವನೇ ಬದಲಾಯಿಸಿರ್ಬೇಕು. ಜೇಬು ನೋಡಿ.”

ಇನ್‌ಸ್ಪೆಕ್ಟರ್ ರಯ್ಯಾ ನೋಡಿದಳು. ಬಿಳಿ ನಿಲುವಂಗಿಯ ಜೇಬಿನ ತುಂಬ ಕಪ್ಪು ಪುಡಿ.

“ದಿನಾ ಕಲ್ಲು ಒರೆಸ್ತೀನಲ್ಲ ಮಗಳೇ. ಆ ಬಟ್ಟೆ ಈ ಜೇಬಲ್ಲೇ ಇರತ್ತೆ.”

ಇಪ್ಪತ್ತೆರಡು ವರ್ಷ ಆ ಕಲ್ಲನ್ನು ಕಾದವನು ಕಳ್ಳನ ಪಟ್ಟ ಹೊತ್ತು ಮನೆಗೆ ಹೋಗಬೇಕೆ? ರಯ್ಯಾಗೆ ಸಿಟ್ಟು ಬಂತು. ಆದರೆ ಸಿಟ್ಟು ಸಾಕ್ಷಿಯಾಗುವುದಿಲ್ಲ.

*

ಅವನನ್ನು ಹೊರಗೆ ಕೂರಿಸಿ ಕಾಫಿ ಕೊಟ್ಟಳು. “ನಮ್ಮದಲ್ಲ ಅಂತ ಹೇಗ್ ಗೊತ್ತಾಯ್ತು ಅಜ್ಜ?”

“ಈ ಬೆಟ್ಟ ಒಂದು ಕಾಲಕ್ಕೆ ಸಮುದ್ರದ ತಳ. ಉಪ್ಪುನೀರು ಬಿರುಕಲ್ಲಿ ಇಳಿದು, ಭೂಮಿಯ ಬೆಂಕಿಗೆ ಕಾದು, ಬಂಡೆಯೊಳಗಿನ ಲೋಹ ಕರಗಿಸ್ಕೊಂಡು ಮೇಲಕ್ಕೆ ನುಗ್ತಿತ್ತು. ತಣ್ಣೀರು ತಾಗಿದ ಕೂಡ್ಲೇ ಹೊತ್ತು ತಂದಿದ್ದನ್ನೆಲ್ಲ ಅಲ್ಲೇ ಇಳಿಸ್ತಿತ್ತು, ಕಪ್ಪು ಹೊಗೆ ಥರ. ಹಾಗೆ ಕಟ್ಟಿದ ಕೊಳವೆ ನಮ್ಮ ಕಲ್ಲು.”

“ಸರಿ, ಗುರುತು?”

“ಹೊರಮೈಗೆ ತಣ್ಣೀರು. ಅಲ್ಲಿ ಸತು, ಕಬ್ಬಿಣ. ಕಪ್ಪು ಬಣ್ಣ. ಒಳಗೆ ಬಿಸಿ ಜಾಸ್ತಿ, ತಾಮ್ರದ ಅದಿರು ಅಲ್ಲೇ ಕೂರೋದು. ಗುರುವಾರ ಗುರುವಾರ ಶಾಲೆ ಮಕ್ಕಳಿಗೆ ಕೊಳವೆಯೊಳಗೆ ಟಾರ್ಚ್ ಬಿಟ್ಟು ತೋರಿಸ್ತೀನಿ. ಆ ಅದಿರು ಹಳದಿ ಮಿಂಚತ್ತೆ. ಇವತ್ತು ಬಿಟ್ಟು ನೋಡ್ದೆ. ಬರೀ ಕಪ್ಪು.”

“ನಿರ್ದೇಶಕರಿಗೆ ಹೇಳಿದ್ರಾ?”

“ಅವರು ಕೇಳ್ಲೇ ಇಲ್ಲ.”

*

ರಯ್ಯಾ ಥುವೈನಿಯ ಮುಂದೆ ಪುಸ್ತಕ ಬಿಚ್ಚಿದಳು. “ವಿಮಾನ ನಿಲ್ದಾಣಕ್ಕೆ ಸುದ್ದಿ ಕಳಿಸ್ಬೇಕು ಸಾರ್. ಅಸಲಿ ಕಲ್ಲು ಹೊರಗೆ ಹೇಗಿದೆ, ಒಳಗೆ ಹೇಗಿದೆ?”

“ಒಳಗೂ ಹೊರಗೂ ಒಂದೇ. ಕಪ್ಪು.”

ಪೆನ್ನು ನಿಂತಿತು.

“ನೀವು ಹೇಳಿದ್ದು ನಕಲಿಯ ಗುರುತು ಸಾರ್. ಅಸಲಿಯ ಒಳಗೋಡೆ ಹಳದಿ. ಅಜ್ಜ ನಕಲಿ ಮಾಡಿಸಿದ್ರೆ ಹಳದಿ ಬಳಿಸದೆ ಬಿಡ್ತಿದ್ರಾ? ವಾರವಾರ ಮಕ್ಕಳಿಗೆ ತೋರಿಸೋದೇ ಅದನ್ನ. ಮಾಡಿಸಿದೋರು ಒಂದ್ಸಲಾನೂ ಒಳಗೆ ಇಣುಕಿಲ್ಲ. ಕೀಲಿ ಎರಡೇ ಅಂದೋರು ನೀವೇ.”

ಥುವೈನಿಯ ಕಾರಿನ ಡಿಕ್ಕಿಯಲ್ಲಿ, ಪರದೇಶದ ವಿಳಾಸವಿದ್ದ ಖರ್ಜೂರದ ಪೆಟ್ಟಿಗೆಯ ತಳದಲ್ಲಿ ಕಲ್ಲು ಸಿಕ್ಕಿತು.

ಸುವೈಲಿಂ ಅದನ್ನು ಒರೆಸಿ ಜಾಗದಲ್ಲಿಟ್ಟ. ಬೀಗ ಹಾಕಲಿಲ್ಲ. ಕೋಳ ತೊಟ್ಟು ಹೊರಟಿದ್ದ ನಿರ್ದೇಶಕನನ್ನು ಕರೆದ.

“ಸಾರ್, ಒಂದ್ಸಲ ನೋಡ್ಕೊಂಡ್ ಹೋಗಿ.”

ಥುವೈನಿ ಬಗ್ಗಿದ. ಕೋಳದ ಕೈಗೆ ಟಾರ್ಚ್ ಹಿಡಿಯಲಾಗಲಿಲ್ಲ. ಮುದುಕನೇ ಬೆಳಕು ಹಿಡಿದ.