ಡೋಜರ್‌ನ ಎಡ ಜೇಬು

ನನ್ನ ಕೈ ಸತ್ತವನ ಜೇಬಿನೊಳಗಿತ್ತು.

ಬಂದೂಕಿನ ನಳಿಗೆ ನನ್ನ ಕತ್ತಿನ ಹಿಂಭಾಗಕ್ಕೆ ತಣ್ಣಗೆ ಒತ್ತುತ್ತಿತ್ತು.

"ಕೈ ಆಚೆ ತೆಗಿ," ಎಂದಿತು ಹಿಂದಿನ ದನಿ. "ನಿಧಾನಕ್ಕೆ. ಖಾಲಿ ಕೈ."

ಆಗಸ್ಟ್ ತಿಂಗಳ ಶನಿವಾರ. ಮಧ್ಯಾಹ್ನ ಒಂದು ಗಂಟೆ ಐದು ನಿಮಿಷ. ದಕ್ಷಿಣ ಡಕೋಟದ ಪಶ್ಚಿಮ ತುದಿ, ವಿಟ್‌ಲಾಕ್ ಎಂಬ ಊರಿನ ಲೂಥರನ್ ಚರ್ಚು. ತೆರೆದ ಶವಪೆಟ್ಟಿಗೆಯಲ್ಲಿ ಮಲಗಿದ್ದವನು ಎಲ್ರಾಯ್ ಮೆಲ್‌ಹಾಫ್. ಊರಿಗೆಲ್ಲ ಡೋಜರ್. 'ಜಲ್ಲಿ ಹೆಗ್ಗಣಗಳು' ಎಂಬ ಮೋಟಾರ್‌ಸೈಕಲ್ ಕ್ಲಬ್ಬಿನ ಅಧ್ಯಕ್ಷ. ತೂಕ ಮುನ್ನೂರು ಪೌಂಡ್. ಬಂದೂಕು ಹಿಡಿದಿದ್ದವಳು ಅವನ ಹೆಂಡತಿ ಆರ್ವಿಲ್ಲಾ. ವಯಸ್ಸು ಎಪ್ಪತ್ತೊಂದು. ಹೋದ ತಿಂಗಳಷ್ಟೇ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು.

ಗುರಿ ತಪ್ಪೀತೆಂಬ ಆಸೆ ಇಟ್ಟುಕೊಳ್ಳುವಂತಿರಲಿಲ್ಲ!

"ಆರ್ವಿಲ್ಲಾ, ನಾನು... ಲೋರ್ನಾ ಕ್ವಾಮ್."

"ಗೊತ್ತು ಕಣೇ. ಅದಕ್ಕೇ ಇನ್ನೂ ನಿಂತಿದ್ದೀಯ. ನನ್ನ ಗಂಡನ ಜೇಬಲ್ಲಿ ನಿಂಗೇನು ಕೆಲಸ?"

"ಅವರ ಟ್ಯೂನರ್ ಬೇಕಿತ್ತು."

"ಅದು ಅವರ ಜೊತೆ ಹೋಗುತ್ತೆ. ಕನ್ನಡಕ, ಹಲ್ಲುಸೆಟ್ಟು, ಟ್ಯೂನರ್. ನಾನೇ ಇಟ್ಟಿದ್ದೀನಿ."

"ಅದಿಲ್ಲದೆ ಡೋಜರ್ ಗಾಡಿ ಸ್ಟಾರ್ಟ್ ಆಗಲ್ಲ. ನಿಮ್ಮ ಮಗಳನ್ನೇ ಕೇಳಿ."

ನಳಿಗೆ ಒಂದಂಗುಲ ಹಿಂದೆ ಸರಿಯಿತು.

ನನ್ನ ಕಸುಬು ಇದೇ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದೆ. ಆಮೇಲೆ ಇಪ್ಪತ್ತೆಂಟು ವರ್ಷ ಬೈಕುಗಳ ತಲೆ ರಿಪೇರಿ ಮಾಡಿದೆ. ಬೈಕಿನವರ ತಲೆ ನನ್ನಿಂದಾಗಲಿಲ್ಲ. ಟ್ಯೂನರ್ ಎಂದರೆ ಅಂಗೈಯಗಲದ ಕಪ್ಪು ಡಬ್ಬಿ. ಎಷ್ಟು ಪೆಟ್ರೋಲ್, ಯಾವ ಕ್ಷಣಕ್ಕೆ ಕಿಡಿ ಎಂದು ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಬರೆಯುತ್ತದೆ. ಬರೆಯುವ ಮೊದಲು ಕಾರ್ಖಾನೆಯ ಮೂಲ ಲೆಕ್ಕವನ್ನು ನಕಲು ಮಾಡಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಆ ಒಂದೇ ಗಾಡಿಗೆ ಬೀಗ ಹಾಕಿಕೊಂಡು ಕೂರುತ್ತದೆ. ಬೇರೆ ಟ್ಯೂನರ್ ಬಳಸಬೇಕೇ? ಮೊದಲು ಹಳೆಯದರಿಂದಲೇ ಮೂಲ ಲೆಕ್ಕವನ್ನು ವಾಪಸ್ ಬರೆಯಬೇಕು. ಆಗ ಬೀಗ ಬಿಡುತ್ತದೆ. ಇಷ್ಟನ್ನೂ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಕೆಂಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ.

ಆ ಚೀಟಿಯನ್ನು ಓದಿದ ಒಬ್ಬನನ್ನೂ ನಾನು ಈವರೆಗೆ ಕಂಡಿಲ್ಲ.

"ರೊನೆಲ್!" ಎಂದು ಕೂಗಿದಳು ಆರ್ವಿಲ್ಲಾ.

ಹಿಂದಿನ ಬೆಂಚಿನಿಂದ ಡೋಜರ್‌ನ ಮಗಳು ಎದ್ದು ಬಂದಳು. ಮೂವತ್ತೈದರ ಹೆಣ್ಣು, ಗೋದಿ ಕಟಾವಿನ ಯಂತ್ರ ಓಡಿಸುವ ತೋಳುಗಳು. ಮುಖ ಮಾತ್ರ ಹೋಂವರ್ಕ್ ಮಾಡದ ಹುಡುಗಿಯದು.

"ನಿನ್ನೆ ಅಪ್ಪನ ಗಾಡಿಗೆ ಹೊಸ ಟ್ಯೂನರ್ ಚುಚ್ಚಿದೆ, ಅಮ್ಮ. ಅಪ್ಪನ ಕೊನೇ ಸವಾರಿ... ಜೋರಾಗಿ ಕೇಳಿಸಲಿ ಅಂತ. ಅರ್ಧ ಬರೆದು ನಿಂತುಬಿಡ್ತು. ಈಗ ಕೀ ತಿರುಗಿಸಿದ್ರೆ ದೀಪ ಹತ್ತುತ್ತೆ, ಅಷ್ಟೆ."

"ಹಳೇದರಿಂದ ಮೊದಲು..." ಎಂದಳು ಆರ್ವಿಲ್ಲಾ.

"ಗೊತ್ತಿರ್ಲಿಲ್ಲಮ್ಮ!"

ಅಸಲಿ ಅಪಾಯ ಬಂದೂಕಲ್ಲ. ಕ್ಲಬ್ಬಿನ ಕಟ್ಟಳೆ. ಅಧ್ಯಕ್ಷ ಸತ್ತರೆ ಅವನ ಗಾಡಿ ಶವವಾಹನದ ಮುಂದೆ ಸಾಗಬೇಕು. ಸ್ಮಶಾನದ ಗೇಟನ್ನು ತನ್ನದೇ ಇಂಜಿನ್ನಿನ ಬಲದಿಂದ ದಾಟಬೇಕು. ದಾಟಿಸಿದ ಮನೆಯವರಿಗೆ ಗಾಡಿ. ದಾಟದಿದ್ದರೆ ಉಪಾಧ್ಯಕ್ಷನಿಗೆ. ಉಪಾಧ್ಯಕ್ಷ ವೆಂಡಲ್ ಸ್ಕೋಗನ್. ಹನ್ನೊಂದು ವರ್ಷದಿಂದ ಆ ಗಾಡಿಯ ಮೇಲೆ ಕಣ್ಣಿಟ್ಟವನು. ಅದನ್ನು ಎರಡು ಗೇರು, ಮೂರು ಚಕ್ರದ ಮುದುಕರ ಗಾಡಿ ಮಾಡುವುದಾಗಿ ಬಾಯಿಬಿಟ್ಟು ಹೇಳಿಕೊಂಡಿದ್ದ.

ರೊನೆಲ್ ಸವಾರಿ ಕಲಿತದ್ದು ಆ ಗಾಡಿಯ ಟ್ಯಾಂಕಿನ ಮೇಲೆ ಕೂತು, ಅಪ್ಪನ ತೋಳುಗಳ ನಡುವೆ.

ಆರ್ವಿಲ್ಲಾ ಬಂದೂಕನ್ನು ಬೆಂಚಿಗೆ ಒರಗಿಸಿದಳು. "ಜೇಬಿಂದ ತೆಗೆಯೋ ಹಾಗಿಲ್ಲ. ಅಲ್ಲೇ ಇಟ್ಟು ಕೆಲಸ ಮಾಡು."

"ತಂತಿ ಎರಡೇ ಅಡಿ ಇದೆ."

"ಹಾಗಾದ್ರೆ ಗಾಡಿ ಒಳಗೆ ತನ್ನಿ."

ತಂದರು! ಆರು ಜನ ಹೆಗ್ಗಣಗಳು ಎಂಟುನೂರು ಪೌಂಡಿನ ಗಾಡಿಯನ್ನು ಬೆಂಚುಗಳ ನಡುವೆ ತಳ್ಳಿಕೊಂಡು ಬಂದರು. ಪಾದ್ರಿ ಓಡಿಬಂದರು.

"ಎಣ್ಣೆ ಸೋರುತ್ತಾ?"

"ಸೋರುತ್ತೆ ಪಾಸ್ಟರ್."

ಪಾದ್ರಿ ನಿಟ್ಟುಸಿರು ಬಿಟ್ಟು ಹಿಂದಿನ ಭಾನುವಾರದ ಪ್ರಾರ್ಥನಾ ಪತ್ರಗಳನ್ನು ಕೆಳಗೆ ಹಾಸಿದರು.

ತಂತಿಯ ಒಂದು ತುದಿ ಗಾಡಿಗೆ. ಇನ್ನೊಂದು ಡೋಜರ್‌ನ ಎಡ ಜೇಬಿಗೆ. ಕೀ ತಿರುಗಿಸಿದೆ. ಜೇಬಿನ ಬಾಯಿ ಬಿಡಿಸಿ ಪರದೆ ಓದಿದೆ.

'ಈ ಟ್ಯೂನರ್ ಬೇರೊಂದು ವಾಹನಕ್ಕೆ ಬೀಗವಾಗಿದೆ.' ಕೆಳಗೆ ವಾಹನದ ಸಂಖ್ಯೆ. ಕೊನೆಯ ನಾಲ್ಕಂಕಿ 7718.

ನಾನು ಮುಟ್ಟಿದ ಪ್ರತಿ ಗಾಡಿಯ ಸಂಖ್ಯೆ ನನ್ನ ಪುಸ್ತಕದಲ್ಲಿರುತ್ತದೆ. ಹಾಳೆ ತಿರುವಿದೆ. 7718...

ವೆಂಡಲ್ ಸ್ಕೋಗನ್!

"ಇವತ್ತು ಬೆಳಿಗ್ಗೆ ವೆಂಡಲ್ ಇಲ್ಲಿಗೆ ಬಂದಿದ್ನಾ?"

"ಬಂದಿದ್ದ," ಎಂದಳು ಆರ್ವಿಲ್ಲಾ. "ಅವರ ಎದೆ ಮೇಲೆ ಬಿದ್ದು ಗೊಳೋ ಅಂತ ಅತ್ತ. ಹತ್ತು ನಿಮಿಷ."

"ಹಳೇದಿಲ್ಲದೆ ಗಾಡಿ ಏಳಲ್ಲ ಅಂತ ರೊನೆಲ್‌ಗೆ ನಾನಂದದ್ದು ಅವನಿಗೂ ಕೇಳಿಸಿರಬೇಕು. ಅಳ್ತಾ ಟ್ಯೂನರ್ ಬದಲಾಯಿಸಿದ್ದಾನೆ. ಜೇಬು ಮುಟ್ಟಿದ್ರೆ ನಿಮಗೆ ಗೊತ್ತಾಗಬಾರದು ಅಂತ ತನ್ನ ಟ್ಯೂನರ್ ಇಟ್ಟು ಡೋಜರ್‌ದು ತಗೊಂಡು ಹೋಗಿದ್ದಾನೆ."

ಆರ್ವಿಲ್ಲಾ ಮತ್ತೆ ಬಂದೂಕು ಎತ್ತಿಕೊಂಡಳು.

"ಬೇಡ. ನಾನು ಮಾತಾಡ್ತೀನಿ," ಎಂದೆ.

ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಹ್ಯಾಮ್ ಸ್ಯಾಂಡ್‌ವಿಚ್ ಜೋಡಿಸುತ್ತಿದ್ದರು. ವೆಂಡಲ್ ಮೂಲೆಯಲ್ಲಿ ನಿಂತು ಎರಡು ಕೈಯಲ್ಲೂ ತಿನ್ನುತ್ತಿದ್ದ. ನನ್ನ ಮುಖ ನೋಡಿದ. ಸ್ಯಾಂಡ್‌ವಿಚ್ ಕೈಬಿಟ್ಟ. ಹಿಂಬಾಗಿಲಿನಿಂದ ಓಡಿದ! ಅವನ ಬೈಕು ಗುಡುಗಿತು. ಟಯರು ಕಿರುಚಿತು. ಮುಖ್ಯರಸ್ತೆಗೆ ನುಗ್ಗಿದ...

ನುಗ್ಗಿ ನಿಂತ.

ಅದು ರ‍್ಯಾಲಿಯ ವಾರ. ದೇಶದ ಮೂಲೆಮೂಲೆಯ ಬೈಕುಗಳೆಲ್ಲ ಈ ಗುಡ್ಡಗಳ ಕಡೆಗೆ ಹೊರಟಿರುತ್ತವೆ. ವಿಟ್‌ಲಾಕ್‌ನ ಮುಖ್ಯರಸ್ತೆ ಗಂಟೆಗೆ ಎರಡು ಮೈಲಿಯ ವೇಗದಲ್ಲಿ ತೆವಳುತ್ತಿತ್ತು. ವೆಂಡಲ್ ಸಾವಿರದ ಒಂಬೈನೂರು ಸಿಸಿ ಗಾಡಿಯ ಮೇಲೆ. ನಾನು ಕಾಲ್ನಡಿಗೆಯಲ್ಲಿ.

ಅಂಥ ಬೆನ್ನಟ್ಟುವಿಕೆಯನ್ನು ನಾನು ಬದುಕಿನಲ್ಲಿ ಕಂಡಿಲ್ಲ! ಎರಡು ಸಲ ಅವನನ್ನು ಹಿಂದೆ ಹಾಕಿ, ಅವನು ಬರುವ ತನಕ ಕಾದು ನಿಂತೆ.

"ದೂರ ಹೋಗು ಕ್ವಾಮ್! ಗುದ್ದಿಬಿಡ್ತೀನಿ!"

"ಗುದ್ದು. ಮೊದಲು ಆ ಐಸ್‌ಕ್ರೀಂ ಗಾಡಿ ದಾಟು."

"ನನ್ನ ಹತ್ರ ಚಾಕು ಇದೆ!"

"ತೆಗಿ ನೋಡೋಣ."

ಎಡಗೈಯಿಂದ ಸೊಂಟದ ಚಾಕು ಎಳೆದ. ಆದರೆ ಕ್ಲಚ್ಚು ಹಿಡಿಯುವುದೂ ಎಡಗೈಯೇ. ಗಾಡಿ ಕಪ್ಪೆಯಂತೆ ಕುಪ್ಪಳಿಸಿ ಸತ್ತಿತು. ಚಾಕು ಚರಂಡಿಯ ಜಾಲರಿಯೊಳಗೆ ಬಿತ್ತು. ಸುಡುಬಿಸಿಲಿಗೆ ಕಾದ ಇಂಜಿನ್ ಎಷ್ಟು ಒತ್ತಿದರೂ ಮೇಲೇಳಲಿಲ್ಲ. ಹಿಂದಿದ್ದವರೆಲ್ಲ ಹಾರನ್ ಬಾರಿಸತೊಡಗಿದರು.

ನಾನು ಅವನ ಪಕ್ಕ ಕೈಕಟ್ಟಿ ನಿಂತೆ. ಗಡಿಯಾರ ನೋಡಿದೆ. ಒಂದು ನಲವತ್ತು.

"ಕೊಡು ವೆಂಡಲ್."

"ಯಾಕೆ ಕೊಡ್ಲಿ? ಕಟ್ಟಳೆ ಅಂದ್ರೆ ಕಟ್ಟಳೆ. ಗೇಟು ದಾಟದಿದ್ರೆ ಗಾಡಿ ನಂದು."

"ಸರಿ. ನಿನ್ನ ಟ್ಯೂನರ್ ಅಲ್ಲಿ ಪೆಟ್ಟಿಗೇಲಿ ಬಿಟ್ಟು ಬಂದಿದ್ದೀಯಲ್ಲ?"

"ಬಿಟ್ಟೆ. ಹಳೇ ಡಬ್ಬಿ. ನಂಗೆ ಹೊಸದು ಮಂಗಳವಾರ ಬರುತ್ತೆ."

"ಜೇಬಿಗೆ ಹಾಕೋ ಮೊದಲು ಮೂಲ ಲೆಕ್ಕ ನಿನ್ನ ಗಾಡಿಗೆ ವಾಪಸ್ ಬರ್ಕೊಂಡ್ಯಾ?"

ಅವನ ಬಾಯಿ ತೆರೆಯಿತು. ಹ್ಯಾಮಿನ ಒಂದು ಚೂರು ಗಡ್ಡದಿಂದ ಕೆಳಗೆ ಬಿತ್ತು.

"...ಬರ್ಕೋಬೇಕಿತ್ತಾ?"

"ಇನ್ನೊಂದು ಗಂಟೇಲಿ ಅದರ ಮೇಲೆ ಆರಡಿ ಮಣ್ಣು ಬೀಳುತ್ತೆ. ಮಂಗಳವಾರ ನಿನ್ನ ಹೊಸ ಡಬ್ಬಿ ಬರುತ್ತೆ. ನಿನ್ನ ಗಾಡಿ ಅದಕ್ಕೆ ಬಾಗಿಲು ತೆಗೆಯಲ್ಲ. ಬಲವಂತ ಮಾಡಿದ್ರೆ ಡೋಜರ್ ಗಾಡಿ ಥರಾನೇ ಮಲಗುತ್ತೆ. ಆಮೇಲೆ ಡೋಜರ್ ಗಾಡಿ ಇಟ್ಕೊಂಡು ಏನು ಮಾಡ್ತೀಯ? ನಾನಂತೂ ಮುಟ್ಟಲ್ಲ, ಅದೂ ಹೆಣ, ಇದೂ ಹೆಣ. ಅವರದು ಕೊಡು, ನಿಂದು ನಿನ್ನ ಕೈಗೇ ವಾಪಸ್ ಕೊಡ್ತೀನಿ."

ವೆಂಡಲ್ ತುಂಬ ಹೊತ್ತು ಯೋಚಿಸಿದ. ಯೋಚಿಸುವಾಗ ಅವನ ತುಟಿ ಅಲುಗುತ್ತದೆ. ಕೊನೆಗೆ ಬಲಗಾಲಿನ ಬೂಟಿನೊಳಗೆ ಕೈಹಾಕಿದ. ಡೋಜರ್‌ನ ಟ್ಯೂನರ್ ಹೊರಬಂತು. ಬೆಚ್ಚಗಿತ್ತು. ವಾಸನೆಯ ವಿಷಯ ಕೇಳಬೇಡಿ.

ನಾನು ಓಡಿದೆ.

ಚರ್ಚಿನ ಮುಂದೆ ಪೆಟ್ಟಿಗೆ ಶವವಾಹನದೊಳಗೆ ಏರಿತ್ತು. ಡೋಜರ್‌ನ ಗಾಡಿಯನ್ನೂ ಹೊರಗೆ ತಳ್ಳಿ ಅದರ ಮುಂದೆ ನಿಲ್ಲಿಸಿದ್ದರು. ಶೆರಿಫ್ ಕಚೇರಿಯ ಅಧಿಕಾರಿ ಹೆದ್ದಾರಿಗೆ ಅಡ್ಡ ನಿಂತಿದ್ದ. "ಸರಿಯಾಗಿ ಎರಡರಿಂದ ಎರಡೂ ಇಪ್ಪತ್ತು. ಅಷ್ಟೇ ಹೊತ್ತು ರಸ್ತೆ ನಿಮ್ದು. ಆಮೇಲೆ ಈ ಬೈಕುಗಳನ್ನ ದೇವರೂ ತಡೆಯಲ್ಲ."

ಮೂಲ ಲೆಕ್ಕ ವಾಪಸ್ ಬರೆಯಲು ಬೇಕಾದದ್ದು ಇಪ್ಪತ್ತೈದು ನಿಮಿಷ. ಆಗ ಒಂದು ಐವತ್ತೆರಡು. ತಂತಿ ಚುಚ್ಚಿದೆ. ಈ ಸಲ ಪರದೆ ಗುರುತು ಹಿಡಿಯಿತು. 'ಮೂಲ ಕ್ಯಾಲಿಬ್ರೇಶನ್ ಮರುಸ್ಥಾಪಿಸಲೇ?' ಹೌದು ಎಂದು ಒತ್ತಿದೆ.

ಶೇಕಡಾ ನಾಲ್ಕು... ಏಳು...

ಬ್ಯಾಟರಿ ಹನ್ನೆರಡು ವೋಲ್ಟಿಗಿಂತ ಕೆಳಗೆ ಇಳಿಯತೊಡಗಿತು! ನಡುವೆ ಕರೆಂಟು ಸತ್ತರೆ ಇಂಜಿನ್ನಿನ ಕಂಪ್ಯೂಟರೂ ಸತ್ತಂತೆಯೇ.

"ಶವವಾಹನದ ಬಾನೆಟ್ ಎತ್ತಿ!" ಎಂದು ಕಿರುಚಿದೆ.

ಇಂಜಿನ್ ಓಡುತ್ತಿರುವ ಕಾರಿನ ಬ್ಯಾಟರಿಯಿಂದ ಬೈಕಿನ ಬ್ಯಾಟರಿಗೆ ತಂತಿ ಕೊಡಬಾರದು, ಬೈಕು ಸುಟ್ಟುಹೋದೀತು. ಗೊತ್ತು. ವಾರಕ್ಕೆ ಮೂರು ಸಲ ನಾನೇ ಜನರಿಗೆ ಬೈದು ಹೇಳುತ್ತೇನೆ. ಕೊಟ್ಟೆ.

ಎರಡು ಗಂಟೆ. ಶೇಕಡಾ ಮೂವತ್ತು. ಮೆರವಣಿಗೆ ಹೊರಟಿತು.

ಮುಂದೆ ಡೋಜರ್‌ನ ಗಾಡಿ. ಮೇಲೆ ರೊನೆಲ್, ಬೆನ್ನು ನೆಟ್ಟಗೆ, ಕಣ್ಣು ಮುಂದೆ. ಅಕ್ಕಪಕ್ಕದಲ್ಲಿ ಏಳು ಜನ ಹೆಗ್ಗಣಗಳು ತಳ್ಳುತ್ತಿದ್ದರು. ಏಳನೆಯವನು ವೆಂಡಲ್. ಆರ್ವಿಲ್ಲಾ ಬಂದೂಕು ತೋರಿಸಿ ಕರೆದಿದ್ದಳು. ಹಿಂದೆ ಮೂರಡಿ ದೂರದಲ್ಲಿ ಬಾನೆಟ್ ತೆರೆದ ಶವವಾಹನ. ಅದರ ಡ್ರೈವರಿಗೆ ರಸ್ತೆಯೇ ಕಾಣದು. ಕಿಟಕಿಯಿಂದ ಸೊಂಟದವರೆಗೆ ಹೊರಬಾಗಿ ಓಡಿಸುತ್ತಿದ್ದ. ಎರಡರ ನಡುವೆ ಕೆಂಪು, ಕಪ್ಪು ತಂತಿಗಳು. ಅವು ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ನಡೆಯುತ್ತಿದ್ದವರು ಪಾದ್ರಿ. ಗಾಡಿಯ ಪಕ್ಕದಲ್ಲಿ, ಟ್ಯೂನರನ್ನು ಮಗುವಿನಂತೆ ಎದೆಗವಚಿಕೊಂಡು, ನಾನು.

ರಸ್ತೆಯ ಎರಡೂ ಕಡೆ ಸಾವಿರಾರು ಅಪರಿಚಿತ ಬೈಕರ್‌ಗಳು ಟೋಪಿ ತೆಗೆದು ನಿಂತರು. ಇದೂ ಒಂದು ಪದ್ಧತಿ ಇರಬೇಕೆಂದುಕೊಂಡರು.

"ಎಷ್ಟಾಯ್ತು ಆಂಟಿ?"

"ಎಂಬತ್ತೊಂದು. ತಿರುಗಿ ನೋಡಬೇಡ."

"ಇದು ಹೋದ್ರೆ ಅಪ್ಪನ್ನ ಎರಡು ಸಲ ಕಳ್ಕೊಂಡ ಹಾಗೆ ಆಂಟಿ..."

"ಬಾಯಿ ಮುಚ್ಕೊಂಡು ಹ್ಯಾಂಡಲ್ ಹಿಡ್ಕೋ."

ಗೇಟಿಗೆ ಮುನ್ನೂರು ಅಡಿ. ತೊಂಬತ್ತಾರು... ತೊಂಬತ್ತೊಂಬತ್ತು... ಅಲ್ಲೇ ನಿಂತಿತು. ಈ ತೊಂಬತ್ತೊಂಬತ್ತರಲ್ಲಿ ನಾನು ಹತ್ತು ವರ್ಷ ಮುದುಕಿಯಾದೆ.

ನೂರು!

"ನಿಲ್ಲಿ! ಕೀ ಆಫ್ ಮಾಡು. ಮೂವತ್ತು ಸೆಕೆಂಡು ಯಾರೂ ಏನೂ ಮುಟ್ಟಬೇಡಿ."

"ಎರಡೂ ಹದಿನೆಂಟು," ಎಂದು ಅಧಿಕಾರಿ ಹಿಂದಿನಿಂದ ಕೂಗಿದ.

ಪಾದ್ರಿ ಎಣಿಸತೊಡಗಿದರು. ಹೆಗ್ಗಣಗಳು ದನಿಗೂಡಿಸಿದರು. ರಸ್ತೆಯಂಚಿನ ಅಪರಿಚಿತರೂ ಎಣಿಸಿದರು. ಮೂವತ್ತಕ್ಕೆ ಇಡೀ ಹೆದ್ದಾರಿ ಗರ್ಜಿಸಿತು. ರೊನೆಲ್ ಕೀ ತಿರುಗಿಸಿ ಗುಂಡಿ ಒತ್ತಿದಳು.

ಕೆಮ್ಮಿತು. ಸತ್ತಿತು.

ಇನ್ನೊಮ್ಮೆ. ಕೆಮ್ಮಿತು... ಉಗುಳಿತು... ಹೊತ್ತಿಕೊಂಡಿತು!

ಡೋಜರ್ ಹನ್ನೊಂದು ವರ್ಷದಲ್ಲಿ ಆ ಇಂಜಿನ್ನಿನ ಪ್ರತಿ ಭಾಗವನ್ನೂ ಬದಲಿಸಿದ್ದ. ಈಗ ಅದಕ್ಕೆ ಸಿಕ್ಕಿದ್ದು ಕಾರ್ಖಾನೆಯ ಸಾಧು ಲೆಕ್ಕ. ಗಾಳಿ ಹೆಚ್ಚು, ಪೆಟ್ರೋಲ್ ಸಾಲದು. ಢಬ್ಬೆಂದು ಸಿಡಿಯಿತು, ಗೊರಗೊರ ಎಂದಿತು, ಏದುಸಿರು ಬಿಟ್ಟಿತು. ಪಾದ್ರಿ ತಂತಿ ಕಿತ್ತು ಬಿಸಾಡಿ ಬೇಲಿ ಹಾರಿದರು. ಆದರೂ ಗಾಡಿ ನಡೆಯಿತು. ಯಾರ ಕೈಯೂ ತಾಗದೆ, ತನ್ನದೇ ಇಂಜಿನ್ನಿನಿಂದ, ರೊನೆಲ್‌ಳನ್ನು ಹೊತ್ತು ಗೇಟು ದಾಟಿತು!

ಆರ್ವಿಲ್ಲಾ ಶವವಾಹನದ ಮುಂದಿನ ಸೀಟಿನಲ್ಲಿ ಅಳುತ್ತ ನಗುತ್ತಿದ್ದಳು.

"ಬೆಳಿಗ್ಗೆ ಹಾಸಿಗೆಯಿಂದ ಏಳೋವಾಗ ಅವರು ಹೀಗೇ ಸದ್ದು ಮಾಡ್ತಿದ್ರು ಕಣೇ. ಥೇಟ್ ಹೀಗೇ!"

ಗುಂಡಿಯ ಬಳಿ ಅವಳೇ ಮುಚ್ಚಳ ಎತ್ತಿ, ವೆಂಡಲ್‌ನ ಟ್ಯೂನರ್ ತೆಗೆದು, ಗಂಡನದನ್ನು ಎಡ ಜೇಬಿಗೆ ಸೇರಿಸಿದಳು. ಅದಕ್ಕೀಗ ಯಾವ ಬೀಗವೂ ಇರಲಿಲ್ಲ. ವೆಂಡಲ್‌ನದನ್ನು ಅವನ ಕೈಗೇ ಕೊಟ್ಟೆ. ಮಾತು ಮಾತೇ.

ಪೆಟ್ಟಿಗೆ ಇಳಿಯತೊಡಗಿತು. ರೊನೆಲ್ ಇಂಜಿನ್ ಆರಿಸಿರಲಿಲ್ಲ. ಅದು ಕೊನೆಯ ಸಲ ಢಬ್ಬೆಂದು ಸಿಡಿಯಿತು. ವೆಂಡಲ್‌ನ ಗಡ್ಡ ನಡುಗಿತು. ಈ ಸಲ ಅಳು ನಿಜವಾದದ್ದು. ಮುಂದೆ ನುಗ್ಗಿದ. ಮೊಣಕಾಲೂರಿದ.

"ಕ್ಷಮಿಸಣ್ಣ... ನಂದೂ ಇಟ್ಕೋ!"

ಕೈಯಲ್ಲಿದ್ದ ಟ್ಯೂನರಿಗೆ ಮುತ್ತು ಕೊಟ್ಟ. ಗುಂಡಿಯೊಳಕ್ಕೆ ಎಸೆದೇಬಿಟ್ಟ. ಮೇಲಿನಿಂದ ಮೊದಲ ಸಲಿಕೆ ಮಣ್ಣು ಬಿತ್ತು.

ಅವನ ಗಾಡಿಯ ಮೂಲ ಲೆಕ್ಕ ಇನ್ನೂ ಅದರೊಳಗೇ ಇತ್ತು. ನಾನು ಕೂಗಬಹುದಿತ್ತು. ಆದರೆ ಪಾದ್ರಿ ಕಣ್ಣು ಮುಚ್ಚಿದ್ದರು, ಮತ್ತು ಪ್ರಾರ್ಥನೆಯ ನಡುವೆ ಬಾಯಿ ಹಾಕುವ ಹೆಂಗಸು ನಾನಲ್ಲ.