ಬ್ಯಾಂಡ್ ಮಾಸ್ಟರ್ ಸಹಿ

"ಮತ್ತೆ ವಾಪಸ್ ಬಂದಿದೆ ನೋಡಿ," ಎಂದು ಬ್ಯಾಂಕಿನ ಅಕ್ಕ ಗಾಜಿನ ಕಿಂಡಿಯೊಳಗಿಂದ ಚೆಕ್ಕನ್ನು ಈಚೆಗೆ ತಳ್ಳಿದರು. ಅದಕ್ಕೊಂದು ಚಿಕ್ಕ ಚೀಟಿ ಪಿನ್ ಮಾಡಿತ್ತು.

ಚೂಟಿ ಅಮ್ಮನ ಪಕ್ಕದಲ್ಲಿ ತುದಿಗಾಲಲ್ಲಿ ನಿಂತು ಇಣುಕಿದಳು. ಅದೇ ಚೆಕ್ಕು, ಬ್ಯಾಂಡ್ ಮಾಸ್ಟರ್ ಕೊಟ್ಟದ್ದು. ಅವನ ಹನ್ನೆರಡು ಜನ ವಾದ್ಯದವರಿಗೆ ಅಮ್ಮ ಕೆಂಪು ಕೋಟು ಹೊಲಿದುಕೊಟ್ಟಿದ್ದಳು. ಹೊಲಿಗೆ ಕೂಲಿ ಒಂಬತ್ತು ಸಾವಿರ. ಅದು ಬಂದರೆ ಚೂಟಿ ಸ್ಕೂಲ್ ಟೂರಿಗೆ ಹೋಗಬಹುದು. ದುಡ್ಡು ಕಟ್ಟಲು ನಾಳೆಯೇ ಕೊನೆಯ ದಿನ.

"ಅವರ ಸಹಿ ಸರಿ ಇಲ್ವಾ ಅಕ್ಕಾ?" ಚೂಟಿ ಕೇಳಿದಳು.

"ಸಹಿಗೇನಮ್ಮಾ, ಫಸ್ಟ್ ಕ್ಲಾಸಾಗಿದೆ. ಖಾತೆಯಲ್ಲಿ ದುಡ್ಡಿಲ್ಲ ಅಷ್ಟೇ. ನಿಮ್ಮ ಖಾತೆಯಿಂದ ನೂರೈವತ್ತು ಕಟ್ ಆಗಿದೆ. ಹೋದ ವಾರದ್ದೂ ಸೇರಿ ಮುನ್ನೂರು."

"ನಮ್ಮದರಿಂದ ಯಾಕೆ? ದುಡ್ಡಿಲ್ಲದೆ ಚೆಕ್ ಬರೆದೋರು ಅವರಲ್ವಾ?"

"ಅವರಿಗೂ ಹಾಕ್ತೀವಿ. ಇಬ್ಬರಿಗೂ ಚಾರ್ಜ್ ಇರುತ್ತೆ. ರೂಲ್ಸು."

ಆಹಾ, ಎಂಥ ರೂಲ್ಸು! ಮೋಸ ಮಾಡಿದವನಿಗೂ ದಂಡ, ಮೋಸ ಹೋದವರಿಗೂ ದಂಡ. ಅವನ ಖಾಲಿ ಖಾತೆಯಿಂದ ಇವರು ಅದೇನು ಕಿತ್ತುಕೊಳ್ಳುತ್ತಾರೋ! ಚೂಟಿ ಮೂಗು ಮುರಿದಳು.

"ಚೆಕ್ ವಾಪಸ್ ತಗೊಂಡಿದ್ದಕ್ಕೆ ಇಲ್ಲೊಂದು ಸಹಿ ಹಾಕಿ," ಎಂದು ಅಕ್ಕ ರಿಜಿಸ್ಟರ್ ಚಾಚಿದರು.

ಅಮ್ಮ ಮೊದಲು ಚೀಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಆಮೇಲೆ ರಿಜಿಸ್ಟರಿನ ಸಾಲನ್ನೂ ಓದಿದಳು. ಕೊನೆಗೆ ಪೆನ್ನು ಹಿಡಿದು ದುಂಡಗೆ, ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆಯತೊಡಗಿದಳು. ಹಿಂದೆ ಸಾಲಿನಲ್ಲಿದ್ದ ಯಾರೋ ಬೇಕೆಂದೇ ಕೆಮ್ಮಿದರು. ಚೂಟಿಯ ಕಿವಿ ಬಿಸಿಯಾಯಿತು.

"ಅಮ್ಮಾ, ಬೇಗ! ಒಂದನೇ ಕ್ಲಾಸಿನವರ ಥರ ಬರೀತೀಯಲ್ಲ!" ಎಂದು ಪಿಸುಗುಟ್ಟಿದಳು.

ಬ್ಯಾಂಡ್ ಮಾಸ್ಟರ್ ಸಹಿ ಹೀಗಲ್ಲ. ಸರ್ರನೆ ಒಂದೇ ಎಳೆತ, ಕೆಳಗೆ ಎರಡು ಗೆರೆ, ಟಕ್ ಟಕ್ ಎಂದು ಎರಡು ಚುಕ್ಕಿ. ಅವನು ಈ ಚೆಕ್ ಬರೆದ ದಿನ ಚೂಟಿ ಬಾಯಿಬಿಟ್ಟು ನೋಡಿದ್ದಳು. ತನ್ನ ಗಣಿತದ ನೋಟ್‌ಬುಕ್ಕಿನ ಕೊನೇ ಪುಟದ ತುಂಬ ಅದೇ ಸ್ಟೈಲಿನಲ್ಲಿ ಗೀಚಿ ಗೀಚಿ ಕಲಿತಿದ್ದಳು.

"ನಡಿ, ಅವನ ಅಂಗಡಿಗೇ ಹೋಗೋಣ," ಎಂದಳು ಅಮ್ಮ.

ಬ್ಯಾಂಡ್ ಅಂಗಡಿಯಲ್ಲಿ ಒಬ್ಬ ತಾತ ಮೊಮ್ಮಗಳ ಮದುವೆಗೆ ಬ್ಯಾಂಡ್ ಗೊತ್ತುಮಾಡಲು ಬಂದಿದ್ದರು. ಮಡಿಲಲ್ಲಿ ಅಡ್ವಾನ್ಸಿನ ನೋಟುಗಳನ್ನು ಎಣಿಸುತ್ತಿದ್ದರು.

"ಬನ್ನಿ ಬನ್ನಿ ಟೈಲರಮ್ಮಾ!" ಎಂದು ಬ್ಯಾಂಡ್ ಮಾಸ್ಟರ್ ಹಲ್ಲು ಕಿರಿದ.

"ಚೆಕ್ಕು ಮತ್ತೆ ವಾಪಸ್ ಬಂತು," ಎಂದಳು ಅಮ್ಮ.

"ಛೆ ಛೆ! ಈ ಬ್ಯಾಂಕಿನೋರ ಹಣೆಬರಹವೇ ಇಷ್ಟು. ಏನೋ ಕಂಪ್ಯೂಟರ್ ತೊಂದರೆ ಇರುತ್ತೆ. ಸೋಮವಾರ ಇನ್ನೊಂದ್ಸಲ ಹಾಕಿ, ಪಾಸಾಗುತ್ತೆ."

ಹೋದ ವಾರವೂ ಅವನು ಇದನ್ನೇ ಹೇಳಿದ್ದ. ಒಂದಕ್ಷರ ಆಚೀಚೆ ಇಲ್ಲ!

"ಬೇಡ್ವಾ? ಹಾಗಾದ್ರೆ ಹೊಸ ಚೆಕ್ ಬರೆದು ಬಿಸಾಕ್ತೀನಿ, ಅದಕ್ಕೇನಂತೆ," ಎಂದು ಅವನು ಜೇಬಿನಿಂದ ಪೆನ್ನು ಎಳೆದ.

ಚೂಟಿಗೆ ಮೈಯೆಲ್ಲ ಉರಿದುಹೋಯಿತು. ಅಮ್ಮನ ಕೈಯಿಂದ ಚೀಟಿ ಇಸಿದುಕೊಂಡು, ಸ್ಕೂಲಿನಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದಳು. "ಖಾತೆಯಲ್ಲಿ ಸಾಕಷ್ಟು ಹಣವಿಲ್ಲ. ಕಂಪ್ಯೂಟರ್ ಅಂತ ಎಲ್ಲೂ ಬರೆದಿಲ್ವಲ್ಲ ಅಂಕಲ್?"

ತಾತನ ಕೈ ನಿಂತಿತು. ನೋಟುಗಳು ಮೆಲ್ಲಗೆ ಅವರ ಜೇಬಿಗೆ ವಾಪಸ್ ಹೋಗತೊಡಗಿದವು.

ಬ್ಯಾಂಡ್ ಮಾಸ್ಟರ್ ಮುಖ ಇಂಗು ತಿಂದ ಮಂಗನಂತಾಯಿತು. "ಅಯ್ಯೋ ತಾತಾ, ಕೂತ್ಕೊಳ್ಳಿ! ಈಗಲೇ ಕೊಟ್ಬಿಡ್ತೀನಿ!" ಎಂದವನು ಡ್ರಾಯರ್ ಎಳೆದು ಒಂಬತ್ತು ಸಾವಿರ ಎಣಿಸಿಟ್ಟ. ಚೆಕ್ಕಿಗೆ ಕೈ ಚಾಚಿದ.

ಅಮ್ಮ ಚೆಕ್ಕು ಬಿಡಲಿಲ್ಲ. "ಇನ್ನೂ ಮುನ್ನೂರು. ಬ್ಯಾಂಕ್ ಚಾರ್ಜು."

"ಅದನ್ನ ಬ್ಯಾಂಕು ತಿಂದ್ರೆ ನಾನೇನ್ರೀ ಮಾಡ್ಲಿ?"

"ತಿನ್ನಿಸಿದ್ದು ನೀವು."

ತಾತ ಫಕ್ಕನೆ ನಕ್ಕರು. ಮುನ್ನೂರೂ ಬಂತು. ಅಮ್ಮ ಎರಡು ಸಲ ಎಣಿಸಿಕೊಂಡು, ಆಮೇಲೆಯೇ ಚೆಕ್ಕು ಕೊಟ್ಟಳು. ತಾತನೂ ಅವರ ಹಿಂದೆಯೇ ಎದ್ದು ಬಂದರು. ಪಕ್ಕದ ಬೀದಿಯಲ್ಲಿ ಇನ್ನೊಂದು ಬ್ಯಾಂಡ್ ಇದೆಯಂತೆ.

ಮನೆಗೆ ಬಂದವಳೇ ಚೂಟಿ ಟೂರ್ ಫಾರಮ್ಮು ತಂದು ಹೊಲಿಗೆ ಮೆಷಿನ್ನಿನ ಮೇಲೆ ಹಾಸಿದಳು. "ಸಹಿ ಹಾಕಮ್ಮಾ!"

ಅಮ್ಮ ಮೊದಲ ಸಾಲಿನಿಂದ ಓದಲು ಶುರುಮಾಡಿದಳು. ನಡುವೆ ಒಂದು ಕಡೆ ಅವಳ ಬೆರಳು ನಿಂತಿತು. "ಶನಿವಾರ ಸಂಜೆ ಏಳಕ್ಕೆ ಅಪ್ಪ ಇಲ್ಲಾ ಅಮ್ಮ ಬಂದು ಕರ್ಕೊಂಡು ಹೋಗಬೇಕಂತೆ. ಅಪ್ಪನಿಗೆ ಡ್ಯೂಟಿ ಇದೆ. ನನಗೆ ಅದೇ ಹೊತ್ತಿಗೆ ಡಾಕ್ಟರಮ್ಮನ ಮನೆಗೆ ಪರದೆ ಒಪ್ಪಿಸೋದಿದೆ."

"ಅದೆಲ್ಲ ಆಮೇಲೆ ನೋಡಿದ್ರಾಯ್ತು..." ಎನ್ನಲು ಹೊರಟ ಚೂಟಿ, ಬ್ಯಾಂಡ್ ಮಾಸ್ಟರ್ ಮಾತು ನೆನಪಾಗಿ ಅಲ್ಲೇ ಬಾಯಿ ಮುಚ್ಚಿಕೊಂಡಳು.

ಅಮ್ಮ ಫೋನ್ ಮಾಡಿದಳು. ಡಾಕ್ಟರಮ್ಮ ಯಾವುದೋ ರೋಗಿಯನ್ನು ನೋಡುತ್ತಿದ್ದರು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದಳು. ಪರದೆ ಭಾನುವಾರ ಬೆಳಿಗ್ಗೆ ಕೊಟ್ಟರೂ ಆದೀತು ಎಂದರು.

ಆಮೇಲೆ ಅಮ್ಮ ಪೆನ್ನು ಹಿಡಿದಳು. ದುಂಡಗೆ, ಒಂದೊಂದೇ ಅಕ್ಷರ.

ಫ್ಯಾನಿನ ಗಾಳಿಗೆ ಫಾರಮ್ಮು ಪಟಪಟ ಎನ್ನುತ್ತಿತ್ತು. ಕೊನೆಯ ಅಕ್ಷರ ಮುಗಿಯುವವರೆಗೂ ಚೂಟಿ ಅದರ ಮೂಲೆಗಳನ್ನು ಎರಡೂ ಕೈಯಲ್ಲಿ ಅಲುಗದಂತೆ ಒತ್ತಿ ಹಿಡಿದುಕೊಂಡಳು.