ಗೋಡೆಯ ಕಡೆಯ ಹೊಳಪು

"ಕಲ್ಲು ಉಜ್ಜೋರಿಗೆ ಕಲ್ಲಿನಷ್ಟೇ ಬುದ್ಧಿ!"

ಗ್ರಾನೈಟ್ ಅಂಗಡಿಗೆಲ್ಲ ಕೇಳುವಂತೆ ಹೇಳಿದಳು ಇಂಟೀರಿಯರ್ ಡಿಸೈನರ್. ಪಾಲಿಶ್‌ನವನು ಯಂತ್ರ ನಿಲ್ಲಿಸಿ ತಲೆಯೆತ್ತಿದ.

"ಅಡುಗೆಕಟ್ಟೆ ಕಲ್ಲು. ಮುಂದಿನ ಅಂಚು ಮಾತ್ರ ದುಂಡಗೆ. ಅರ್ಥ ಆಯ್ತಾ, ಇನ್ನೊಂದ್ಸಲ ಹೇಳ್ಲಾ?"

"ಹನ್ನೆರಡು ವರ್ಷದಿಂದ ಅಂಚೇ ಉಜ್ತಿದೀನಿ ಮೇಡಂ. ಪುಸ್ತಕ ನೋಡಿ ಕಲಿತಿದ್ದಲ್ಲ."

ಅಬ್ಬಾ, ಜಂಭವೇ!

ಇವಳದೇನು ಕಡಿಮೆಯೇ? ಸ್ವಂತವಾಗಿ ಹಿಡಿದ ಮೊದಲ ಕೆಲಸ. ಕೆಟ್ಟರೆ ಇನ್ನೊಂದು ಸಿಗುವುದಿಲ್ಲ. ಆ ಭಯವನ್ನೆಲ್ಲ ಅವನ ಮೇಲೆ ಕಾರುತ್ತಿದ್ದಳು. ಕಾರುವುದಕ್ಕೆಂದೇ ದಿನಾ ಬರುತ್ತಾಳೆಂದು ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಕಲ್ಲು ಗಿರಾಕಿಯ ಮನೆಗೆ ಬಂತು, ಜೊತೆಗೆ ಪಾಲಿಶ್‌ನವನೂ. ಮುಂದಿನ ಅಂಚಿನ ಮೇಲೆ ಬೆರಳಾಡಿಸಿದಳು. ಬೆಣ್ಣೆ! ಆದರೆ ಹಿಂದಿನದು...? ಗೋಡೆಯೊಳಗೆ ಹೂತುಹೋಗುವ ಅಂಚಿಗೂ ಅದೇ ದುಂಡು, ಅದೇ ಹೊಳಪು.

"ದಡ್ಡ ಶಿಖಾಮಣಿ! ಅದನ್ನ ಯಾರು ನೋಡ್ತಾರೆ, ಗೋಡೆನಾ? ನಾಳೆಯಿಂದ ನನ್ನ ಕೆಲಸಕ್ಕೆ ನೀನು ಬೇಡ!"

ಅವನು ಸಾಮಾನು ಎತ್ತಿಕೊಂಡು ಮೆಟ್ಟಿಲಿಳಿದ. ಗೆದ್ದೆ ಎಂದುಕೊಂಡಳು, ಪಾಪ!

ಕಲ್ಲು ಎತ್ತಿ ಹಿಡಿದಿದ್ದ ಗಾರೆಯವನು ಕೇಳಿದ, "ಮೇಡಂ, ಇದು ನೀವೇ ಬರೆದಿದ್ದಲ್ವಾ?"

ಕಲ್ಲಿನ ಅಡಿಯಲ್ಲಿ, ಹಿಂದಿನ ಅಂಚಿನ ಪಕ್ಕ, ಕೆಂಪು ಪೇಂಟಿನಲ್ಲಿ ಅವಳದೇ ಅಕ್ಷರ: ‘ಮುಂದೆ. ದುಂಡಗೆ.’

ಕಲ್ಲು ಕವುಚಿ ಮಲಗಿದ್ದಾಗ ಬರೆದಿದ್ದಳು. ಮಗುಚಿ ಸಿಂಕಿನ ತೂತನ್ನು ಅದರ ಜಾಗಕ್ಕೆ ತಂದರೆ ಮುಂದಿನದು ಹಿಂದಾಗುತ್ತದೆಂದು ಆ ಮಹಾ ಬುದ್ಧಿವಂತೆಗೆ ಹೊಳೆದಿರಲಿಲ್ಲ. ಅವನು ಅದನ್ನಷ್ಟೇ ನಂಬಿದ್ದರೆ ಕಲ್ಲೂ ಹೋಗುತ್ತಿತ್ತು, ಕೆಲಸವೂ ಹೋಗುತ್ತಿತ್ತು.

ಓಡಿದಳು. ಅವನು ಗೇಟಿನ ಬಳಿ ಬೈಕ್ ತಿರುಗಿಸುತ್ತಿದ್ದ.

"ತಪ್ಪು ನಂದು ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೇಳೋ ಮೂತಿನಾ ಅದು?"

"ಸರಿಯಾದ ಕಡೆ ಮಾಡಿದ್ರೆ ಸಾಕಿತ್ತಲ್ಲ... ಎರಡೂ ಕಡೆ ಯಾಕೆ?"

ಅವನು ನೆಲ ನೋಡಿದ. "ಒಂದೇ ಕಡೆ ಮಾಡಿದ್ರೆ ಅಂಗಡಿಯವರು ನಿಮ್ಮ ಬರಹ ನೋಡಿ ನಿಮ್ಮನ್ನ ಆಡ್ಕೊಳ್ತಿದ್ರು. ಎರಡೂ ಕಡೆ ಮಾಡ್ದೆ... ನನ್ನನ್ನ ಆಡ್ಕೊಂಡ್ರು."

ಅವಳ ಕಣ್ಣು ತುಂಬಿತು. ನಾಚಿಕೆಯೂ ಆಯಿತು, ಪ್ರೀತಿಯೂ ಉಕ್ಕಿತು.

"ನನ್ನ ಕಂಡ್ರೆ ಅಷ್ಟು ಇಷ್ಟನಾ?"

"ಕಂಡ್ರೆ ಮೈ ಉರಿಯುತ್ತೆ. ಕಾಣ್ದೇ ಇದ್ರೆ ಇನ್ನೂ ಜಾಸ್ತಿ."

"ನನಗೂ ಅಷ್ಟೇ ಕಣೋ... ಕ್ಷಮಿಸ್ತೀಯಾ? ಇನ್ಮೇಲೆ ಮೇಡಂ ಅನ್ಬೇಡ."

ಅವನು ಬೈಕಿಗೆ ಸ್ಟ್ಯಾಂಡ್ ಹಾಕಿದ.

"ನೀನು ಮಹಾ ಜಂಭದವಳು."

"ಗೊತ್ತು," ಎಂದು ಮೆಲ್ಲಗೆ ಅವನ ಕೈ ಹಿಡಿದಳು. "ಇನ್ನೊಂದ್ಸಲ ಹೇಳು."